ನಮ್ಮ ಸೊಸೆಯ ಬೆಂಡೆಕಾಯಿ ಲೋಳೆ

ನಿಮ್ಮ ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನನಗೆ ರೇಗುತ್ತದೆ. ಬ್ಯಾಂಕಿನಲ್ಲಿದ್ದಾಳೆ, ಶಾಲೆಯಲ್ಲಿದ್ದಾಳೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಭಾಗ್ಯ ನನ್ನದಲ್ಲ. ಅವಳು ಆಹಾರ ಸಂಶೋಧನಾಲಯವೊಂದರಲ್ಲಿ ಬೆಂಡೆಕಾಯಿಯ ಪುಡಿಯನ್ನು ನೀರಿನಲ್ಲಿ ಕದಡಿ, ಮನುಷ್ಯರ ಕಿವಿಗೆ ನಿಲುಕದಷ್ಟು ಕೀಚಲು ಶಬ್ದವನ್ನು ಅದರೊಳಕ್ಕೆ ಬಿಟ್ಟು, ಲೋಳೆಯನ್ನು ಹೊರಗೆಳೆಯುತ್ತಾಳೆ. ಇದನ್ನು ಬಿಡಿಸಿ ಹೇಳಿದರೆ ಕೇಳಿದವರು ನನ್ನನ್ನೇ ಒಂಥರಾ ನೋಡುತ್ತಾರೆ. ಮೇಲಿನ ಮನೆಯಾಕೆಯಂತೂ ಒಂದು ದಿನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು, "ನಿಮ್ಮ ಸೊಸೆಗೆ ದಿನಾ ಅಲ್ಟ್ರಾಸೌಂಡ್ ಅಂತೆ? ಯಾಕ್ರೀ, ಏನಾದ್ರೂ ತೊಂದರೆನಾ?" ಎಂದು ಪಿಸುಗುಟ್ಟಿದಳು.

"ತೊಂದರೆ ನನಗೆ," ಎಂದೆ. "ಅಲ್ಟ್ರಾಸೌಂಡ್ ಬೆಂಡೆಕಾಯಿಗೆ."

ಆ ಲೋಳೆಗೆ ಅವಳ ಬಾಯಲ್ಲಿ ಪಾಲಿಸ್ಯಾಕರೈಡ್ ಎಂದು ಹೆಸರು. ಸಕ್ಕರೆಯ ತೀರಾ ಸಣ್ಣ ಕಣಗಳು ಒಂದರ ಕೈ ಒಂದು ಹಿಡಿದು ಉದ್ದನೆಯ ಎಳೆಯಾದರೆ ಅದು ಪಾಲಿಸ್ಯಾಕರೈಡ್ ಅಂತೆ. ಕರುಳಿಗೆ ಒಳ್ಳೆಯದಂತೆ, ಸೂಪು ಗಟ್ಟಿ ಮಾಡುವುದಕ್ಕೆ ಬರುತ್ತದಂತೆ. ಇರಲಿ, ಬೇಡ ಎಂದವರು ಯಾರು? ಆದರೆ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಚುಚ್ಚಿ ಮಾತು ಕೂಡಿಸುತ್ತಿದ್ದವಳು. ಇಲ್ಲಿ ಚುಚ್ಚಿದರೆ ಅಲ್ಲಿ ದನಿ ಬರಬೇಕು. ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಂಥವಳಿಗೆ ಇಂಥ ಸೊಸೆ.

ಇಂಥ ಎಂದರೆ ಎಂಥ ಎಂದು ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ಅವಳ ಜಪ. ಪ್ರಯೋಗಾಲಯದಲ್ಲಿ ಹಾಗೇ ಕೆಲಸ ಮಾಡಬೇಕಂತೆ. ಮಾಡಲಿ. ಅದನ್ನು ಮನೆಗೂ ಹೊತ್ತು ತಂದಿದ್ದಾಳಲ್ಲ, ಅಲ್ಲಿ ನನ್ನ ತಾಳ್ಮೆ ಕೆಡುತ್ತದೆ. ನನ್ನ ಚಹಾ ಸರಿಯಿಲ್ಲ ಎಂದು ನಾನೇ ಒಮ್ಮೆ ಗೊಣಗಿದ್ದಕ್ಕೆ, ಒಂದು ವಾರ ಬರೀ ಚಹಾಪುಡಿಯನ್ನು ಬದಲಾಯಿಸಿದಳು, ಮುಂದಿನ ವಾರ ಹಾಲನ್ನು, ಅದರ ಮುಂದಿನ ವಾರ ಕುದಿಸುವ ಹೊತ್ತನ್ನು. ಅಷ್ಟೂ ದಿನ ನಾನು ಕೆಟ್ಟ ಚಹಾವನ್ನೇ ಬೇರೆ ಬೇರೆ ಬಗೆಯಲ್ಲಿ ಕುಡಿದೆ. ಮಲಗುವ ಕೋಣೆಯ ಬಾಗಿಲು ಕಿರ್ರೆನ್ನುತ್ತದೆ, ಎಣ್ಣೆ ಹಾಕು ಎಂದರೆ ಮೇಲಿನ ಕೀಲಿಗೆ ಮಾತ್ರ ಹಾಕಿ ಕೆಳಗಿನದನ್ನು ಹಾಗೇ ಬಿಟ್ಟಳು.

"ಎರಡಕ್ಕೂ ಹಾಕಿದ್ರೆ ಕಿರ್ ಅಂತಿದ್ದದ್ದು ಯಾವುದು ಅಂತ ಗೊತ್ತಾಗಲ್ವಲ್ಲ ಅತ್ತೆ."

"ಗೊತ್ತಾಗಿ ಏನಾಗಬೇಕಾಗಿದೆಯೇ? ಸದ್ದು ನಿಂತರೆ ಸಾಲದಾ?"

ಸಾಲದು. ಅವಳಿಗೆ ಸಾಲದು. ನನ್ನ ಮಗನಿಗೆ ದೂರು ಕೊಟ್ಟರೆ ಅವನೊಬ್ಬ ಕನ್ನಡಕದಂಗಡಿಯವನು, ದಿನವಿಡೀ ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಾಯಿಸಿ "ಇದು ವಾಸಿನಾ, ಅದು ವಾಸಿನಾ" ಎಂದು ಕೇಳುವವನು. "ಇಬ್ಬರೂ ಹೇಳೋದು ಸರಿನೇ ಬಿಡಮ್ಮ," ಎಂದು ಊಟದ ತಟ್ಟೆಗೆ ತಲೆ ಬಗ್ಗಿಸುತ್ತಾನೆ. ಗೋಡೆಗೆ ಹೇಳಿದರೂ ಒಂದೇ, ಅವನಿಗೆ ಹೇಳಿದರೂ ಒಂದೇ. ಕೊನೆಗೆ ನಾನೇ ಅವಳಿಗೆ 'ಒಂದೊಂದೇ' ಎಂದು ಅಡ್ಡಹೆಸರಿಟ್ಟು ಸೇಡು ತೀರಿಸಿಕೊಂಡೆ. ಅವಳು ಅದನ್ನು ಹೊಗಳಿಕೆ ಎಂದುಕೊಂಡಳು.

ಇದೆಲ್ಲ ನಗುವ ಮಾತಾಗಿದ್ದದ್ದು ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆಯುವ ತನಕ.

ಇವರು ನೀರಿನ ಇಲಾಖೆಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸದಲ್ಲಿದ್ದವರು. ಸೊಂಟದೆತ್ತರದ ಕಬ್ಬಿಣದ ರಾಡು ಹೆಗಲಿಗೇರಿಸಿ ಸೈಕಲ್ಲಿನಲ್ಲಿ ಹೊರಟರೆಂದರೆ, ರಸ್ತೆಯ ಗುಂಡಿಯಲ್ಲಿದ್ದ ವಾಲ್ವು ತಿರುಗಿಸುತ್ತಿದ್ದಂತೆ ಬೀದಿಯ ಮನೆಮನೆಯಿಂದಲೂ "ನೀರು ಬಂತು!" ಎಂಬ ಕೂಗು ಏಳುತ್ತಿತ್ತು. ಆ ಕೂಗು ಕೇಳದೆ ಇವರು ಮುಂದಿನ ಬೀದಿಗೆ ಹೋಗುತ್ತಿರಲಿಲ್ಲ. ಮನೆಗೆ ಬಂದು ನಲ್ಲಿಯ ನೀರನ್ನೇ ಒಂದು ಚೊಂಬು ಎತ್ತಿ ಕುಡಿದು, ಇವತ್ತಿನ ನೀರು ಚೆನ್ನಾಗಿದೆ, ಇವತ್ತಿನದು ಸಪ್ಪೆ ಎಂದು ತೀರ್ಪು ಕೊಡುತ್ತಿದ್ದರು. ನೀರಿನಲ್ಲಿ ಸಪ್ಪೆಯಲ್ಲದ್ದು ಯಾವುದಿರುತ್ತದೆ ಎಂದು ನಾನು ಜೀವಮಾನವಿಡೀ ಜಗಳವಾಡಿದ್ದೇನೆ.

ಪಾರ್ಶ್ವವಾಯುವಿನ ಮೇಲೆ ಕೈ ಮರಳಿ ಬಂತು, ಮಾತು ಅರ್ಧಂಬರ್ಧ ಬಂತು. ನುಂಗುವುದು ಮಾತ್ರ ಸರಿಹೋಗಲಿಲ್ಲ. ಮೆತ್ತಗೆ ಬೇಯಿಸಿ ಹಿಸುಕಿದ ಊಟ ಹೇಗೋ ಇಳಿಯುತ್ತಿತ್ತು. ನೀರು ಮಾತ್ರ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುತ್ತಿತ್ತು. ಹಾಗೆ ಹೋದ ನೀರಿನಿಂದಲೇ ಒಮ್ಮೆ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ತೆಳು ನೀರು ಕೂಡದು, ಗಟ್ಟಿ ಮಾಡಿ ಕೊಡಿ ಎಂದರು ಡಾಕ್ಟರು. ಔಷಧಿ ಅಂಗಡಿಯಲ್ಲಿ ಅದಕ್ಕೊಂದು ಪುಡಿ ಸಿಗುತ್ತದೆ. ಕಲಸಿ ಕೊಟ್ಟೆ. ಒಂದು ಚಮಚ ಬಾಯಿಗೆ ಹೋದದ್ದೇ ಇವರು ಹಲ್ಲು ಕಚ್ಚಿದರು.

"ಇದು... ನೀರಲ್ಲ."

ನಾನು ಗದರಿದೆ, ಗೋಗರೆದೆ, ನಾನೇ ಒಂದು ಲೋಟ ಕುಡಿದು ತೋರಿಸಿದೆ. ನಿಜ ಹೇಳಬೇಕೆಂದರೆ ಅದು ಪೋಸ್ಟರು ಅಂಟಿಸುವ ಗೋಂದಿನ ಹಾಗಿತ್ತು. ಬೇರೆ ಅಂಗಡಿಯ ಬೇರೆ ಪುಡಿ ತಂದೆ, ಅದಕ್ಕೂ ಅದೇ ಕಚ್ಚಿದ ಹಲ್ಲು. ದಿನೇ ದಿನೇ ತುಟಿ ಒಡೆಯಿತು, ನಾಲಿಗೆ ಒಣಗಿತು. ಬಾಯಿಂದ ಸಾಕಷ್ಟು ನೀರು ಹೋಗದಿದ್ದರೆ ಮುಂದಿನ ತಪಾಸಣೆಯ ದಿನ ಮೂಗಿನಿಂದ ಹೊಟ್ಟೆಗೆ ಕೊಳವೆ ಹಾಕುವುದೇ ಸರಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಇವರು ಬೇಡ ಬೇಡ ಎಂದು ತಲೆಯಾಡಿಸುತ್ತ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ಬದುಕಿಡೀ ಕೊಳವೆಗಳ ನಡುವೆಯೇ ಕಳೆದ ಮನುಷ್ಯ ಹಾಗೆ ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ. ನನಗೂ ಭಯವಾಯಿತು.

ಆಗ ನಮ್ಮ 'ಒಂದೊಂದೇ' ಬಾಯಿಬಿಟ್ಟಳು.

"ಅತ್ತೆ, ನಮ್ಮ ಬೆಂಡೆಕಾಯಿ ಪುಡೀನ ಮಾವನಿಗೆ ನೋಡೋಣ್ವಾ? ಸೂಪಿಗೆ ಅಂತ ಮಾಡ್ತಿರೋದು. ತಿನ್ನೋಕೆ ಯೋಗ್ಯ ಅಂತ ಪರೀಕ್ಷೆ ಎಲ್ಲಾ ಆಗಿದೆ. ಅದಕ್ಕೆ ಗೋಂದಿನ ರುಚಿ ಇಲ್ಲ."

"ಅಯ್ಯೋ, ಅದಕ್ಕೆ ಯಂತ್ರ ಯಾಕೆ? ನಾಲ್ಕು ಬೆಂಡೆಕಾಯಿ ಸೀಳಿ ನೀರಲ್ಲಿ ಹಾಕಿದ್ರೆ ಲೋಳೆ ತಾನಾಗಿ ಬರುತ್ತೆ. ಈಗಲೇ ಹಾಕ್ತೀನಿ."

"ಬೇಡ ಅತ್ತೆ. ಎಳೇ ಕಾಯಿಂದ ಒಂದಿಷ್ಟು ಬರುತ್ತೆ, ಬಲಿತದ್ದರಿಂದ ಇನ್ನೊಂದಿಷ್ಟು. ಒಂದು ದಿನ ಗಟ್ಟಿ, ಒಂದು ದಿನ ತೆಳು. ತೆಳುವಾದ ದಿನ ಏನಾಗುತ್ತೆ?"

ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೆಂಡೆಕಾಯಿ ಬುಟ್ಟಿಯನ್ನು ಬದಿಗೆ ತಳ್ಳಿದೆ. ಬೇಯಿಸಿದರೂ ಲೋಳೆ ಬರುತ್ತದೆ, ಆದರೆ ಬಣ್ಣ ಕೆಡುತ್ತದೆ, ಹಸಿರು ವಾಸನೆ ಉಳಿಯುತ್ತದೆ; ಶಬ್ದದಿಂದಾದರೆ ಕಾಯಿಯ ಒಳಗಿನ ಗೂಡುಗಳು ಒಡೆದು ತಣ್ಣಗಿದ್ದಾಗಲೇ ಹೊರಬರುತ್ತದೆ ಎಂದಳು. ಸರಿ ತಾಯಿ, ತೆಗಿ, ಬೇಗ ತೆಗಿ ಎಂದೆ. ಬೇಗ ಎಂಬ ಪದ ಅವಳ ಕಿವಿಗೆ ಬೀಳುವುದೇ ಇಲ್ಲ.

ಶುರುವಾಯಿತು ನೋಡಿ ಅವಳ ಒಂದೊಂದೇ ಬದಲಾವಣೆ. ಮೊದಲು ಶಬ್ದದ ಜೋರು ಹೆಚ್ಚಿಸಿದಳು. ಆಮೇಲೆ ಹೊತ್ತು ಹೆಚ್ಚಿಸಿದಳು. ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುವ ಮುಂಚೆಯೇ, "ಇವತ್ತು ಇನ್ನೂ ಜಾಸ್ತಿ ಪುಡಿ ಬಂತು ಅತ್ತೆ!" ಎನ್ನುತ್ತಿದ್ದಳು. ಅಲ್ಲಿ ಅವಳ ಮೇಲಧಿಕಾರಿ ಒಬ್ಬರಿದ್ದಾರೆ. ಯಾವ ಮಾತನ್ನೂ "ಶೇಕಡಾ ಎಷ್ಟು?" ಎಂದೇ ಆರಂಭಿಸುವುದರಿಂದ ಅವರಿಗೆ ಶೇಕಡಾ ಸಾಹೇಬರೆಂದು ಹೆಸರು ಬಿದ್ದಿದೆ. ಕಾಯಿಯಿಂದ ಎಷ್ಟು ಪಾಲು ಪುಡಿ ಹೊರಬಂತು ಎಂಬುದು ಏರಿದಷ್ಟೂ ಸಾಹೇಬರ ಮುಖ ಅರಳುತ್ತಿತ್ತಂತೆ. ಸಂಶೋಧನಾಲಯ ನೋಡಲು ಅತಿಥಿಗಳು ಬರುತ್ತಾರೆ, ಗೋಡೆಯ ಮೇಲೆ ಈ ಏರಿಕೆಯ ದೊಡ್ಡ ಚಿತ್ರಪಟ ಹಾಕೋಣ ಎಂದರಂತೆ. ಇತ್ತ ಮನೆಯಲ್ಲಿ ನಾನು ಒದ್ದೆ ಹತ್ತಿಯಿಂದ ಇವರ ತುಟಿ ಒರೆಸುತ್ತ ಕೂತಿದ್ದೆ.

ಅಂತೂ ಡಬ್ಬಿ ಬಂತು. ನಯವಾದ, ಬೆಳ್ಳನೆಯ ಪುಡಿ. ಆಸ್ಪತ್ರೆಯಿಂದ ನುಂಗುವುದನ್ನು ಕಲಿಸಲು ಮನೆಗೆ ಬರುವ ಥೆರಪಿಸ್ಟ್, ತಾನು ಪರೀಕ್ಷಿಸದೆ ಒಂದು ಹನಿಯನ್ನೂ ಬಾಯಿಗೆ ಹಾಕಕೂಡದೆಂದು ಮೊದಲೇ ತಾಕೀತು ಮಾಡಿದ್ದಳು. ಪುಡಿಯನ್ನು ನೀರಿಗೆ ಕಲಸಿ, ಸೂಜಿಯಿಲ್ಲದ ಸಿರಿಂಜಿಗೆ ತುಂಬಿ, ಕೆಳಗಿನ ಬಾಯಿಗೆ ಒತ್ತಿದ್ದ ಬೆರಳನ್ನು ತೆಗೆದಳು. ಸರಿಯಾಗಿ ಗಟ್ಟಿಯಾಗಿದ್ದರೆ ನಿಧಾನವಾಗಿ ಇಳಿದು ಅರ್ಧದಷ್ಟಾದರೂ ಒಳಗೇ ಉಳಿಯಬೇಕಂತೆ. ನಮ್ಮದು ಸರ್ರನೆ ಬಸಿದು ಬಟ್ಟಲಿಗೆ ಬಿತ್ತು. ಇನ್ನಷ್ಟು ಪುಡಿ ಹಾಕಿದಳು, ಇನ್ನೂ ಅಷ್ಟು ಹಾಕಿದಳು. ನೀರು ನೀರಾಗಿಯೇ ಇತ್ತು.

"ಇದು ಬೇಡ," ಎಂದಳು ಥೆರಪಿಸ್ಟ್. "ಕೊಟ್ಟರೆ ಅಪಾಯ."

ಇವರು ಮಂಚದಿಂದಲೇ ಬಟ್ಟಲನ್ನು ನೋಡುತ್ತಿದ್ದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನನ್ನ ಪಿತ್ತ ನೆತ್ತಿಗೇರಿತು.

"ಇಷ್ಟು ದಿನ ಮಾಡಿದ್ಯಲ್ಲ, ಒಂದು ಸಲನಾದ್ರೂ ಅದನ್ನ ಒಂದು ಲೋಟ ನೀರಿಗೆ ಹಾಕಿ ನೋಡಿದ್ಯೇನೇ?"

"ಎಷ್ಟು ಬರುತ್ತೆ ಅಂತ ನೋಡ್ತಿದ್ವಿ ಅತ್ತೆ."

"ಮತ್ತೆ, ಹೇಗಿದೆ ಅಂತ?"

ಅವಳು ತಗ್ಗಿದ ದನಿಯಲ್ಲಿ ಹೇಳಿದಳು, "ಅದು ಮುಂದಿನ ಹಂತ."

ಮುಂದಿನ ಹಂತ! ಅಷ್ಟೊಂದು ಓದಿದವರು, ಅಷ್ಟು ದೊಡ್ಡ ಕಟ್ಟಡದಲ್ಲಿ ಕೂತು, ತೂಗಿ ತೂಗಿ ಸಂತೋಷಪಟ್ಟಿದ್ದಾರೆ. ನೀರು ಗಟ್ಟಿ ಮಾಡಲೆಂದೇ ತೆಗೆದ ಪುಡಿ ನೀರನ್ನು ಗಟ್ಟಿ ಮಾಡುತ್ತದೋ ಇಲ್ಲವೋ ಎಂಬುದು ಅವರ ಸರದಿಯಲ್ಲಿ ಇನ್ನೂ ಬಂದಿರಲಿಲ್ಲ. ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಎತ್ತಿ ಕುಕ್ಕಿದೆ. ಕೈಗೆ ಸಿಕ್ಕಿದ್ದೆಲ್ಲ ಸ್ಟೀಲಿನದಾಗಿತ್ತು, ಪುಣ್ಯ.

ಮರುದಿನ ಬೆಳಿಗ್ಗೆ ಅವಳು ನನ್ನ ಹೆಣಿಗೆಯ ಬುಟ್ಟಿಯಿಂದ ಉಣ್ಣೆಯ ದಾರ ಎಳೆದು, ಕತ್ತರಿಯಿಂದ ಚೂರು ಚೂರು ಮಾಡುತ್ತ ಮೇಜಿನ ಮುಂದೆ ಕೂತಿದ್ದಳು. ಇದೊಂದು ಬಾಕಿ ಇತ್ತು ಎಂದುಕೊಂಡೆ.

"ನೋಡಿ ಅತ್ತೆ," ಎಂದು ಒಂದು ಉದ್ದನೆಯ ದಾರದ ಗೋಜಲನ್ನು ಬೆರಳಲ್ಲಿ ಎತ್ತಿದಳು. "ಎಳೆ ಉದ್ದ ಇದ್ರೆ ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ನೀರನ್ನ ಹಿಡಿದಿಟ್ಕೊಳ್ಳುತ್ತೆ. ಶಬ್ದ ಜೋರು ಮಾಡಿದಷ್ಟೂ ಲೋಳೆ ಜಾಸ್ತಿ ಹೊರಗೆ ಬಂತು, ಆದ್ರೆ ಅದೇ ಶಬ್ದ ಎಳೆಗಳನ್ನೂ ತುಂಡು ಮಾಡ್ತು. ಬಿಸಿನೂ ಆಯ್ತು. ನಾವು ತೂಗಿದ್ದು ಈ ಚೂರುಗಳನ್ನ." ಚೂರುಗಳನ್ನು ಅಂಗೈಯಿಂದ ಒತ್ತಿ ತೋರಿಸಿದಳು. ಅವಳ ಕಣ್ಣು ಕೆಂಪಾಗಿತ್ತು. ಬೈಯಲೆಂದು ಬಂದವಳು ಚೂರುಗಳನ್ನು ಬುಟ್ಟಿಗೆ ಗುಡಿಸಿದೆ. ಉಣ್ಣೆ ಮಾತ್ರ ಒಳ್ಳೆಯ ಉಣ್ಣೆಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಹಾಗಾದರೆ ಮೆಲ್ಲಗೆ, ಕಡಿಮೆ ಹೊತ್ತು, ಐಸಿನಲ್ಲಿಟ್ಟು ಮಾಡಬೇಕು. ಪುಡಿ ಕಡಿಮೆ ಬರುತ್ತದೆ. ಶೇಕಡಾ ಸಾಹೇಬರಿಗೆ ಹೋಗಿ ಹೇಳಿದರೆ ಅವರು ಕುರ್ಚಿಯಿಂದ ಎದ್ದೇಬಿಟ್ಟರಂತೆ. ಅತಿಥಿಗಳು ಬರುವ ಹೊತ್ತಿನಲ್ಲಿ ಶೇಕಡಾ ಇಳಿಸುವುದೇ? ಯಂತ್ರ ಅಲ್ಲಿಯವರೆಗೂ ಖಾಲಿಯಿಲ್ಲ, ಬೇಕಿದ್ದರೆ ರಜಾದಿನ ಬಂದು ಮಾಡಿಕೊಳ್ಳಿ, ಐಸಿನ ಯಂತ್ರ ಕೆಟ್ಟಿದೆ, ಅದು ನಿಮ್ಮ ತಲೆನೋವು ಎಂದರಂತೆ. ತಪಾಸಣೆಗೆ ಮುಂಚೆ ಇದ್ದದ್ದು ಒಂದೇ ರಜಾದಿನ.

ಇವರ ಹತ್ತಿರ ಮಗನನ್ನು ಕೂರಿಸಿ ನಾನೇ ಅವಳ ಜೊತೆ ಹೊರಟೆ. ಐಸು ಹೊರಲು ಒಬ್ಬರು ಬೇಕಲ್ಲ. ಮನೆಯ ಫ್ರಿಜ್ಜಿನ ಟ್ರೇಗಳಿಂದ ಬಂದದ್ದು ಒಂದು ಮೂಲೆಗೂ ಸಾಲದು. ಬೇರೆಲ್ಲೂ ಸಿಗದೆ ಮೀನಿನಂಗಡಿಯಿಂದ ಒಂದು ಚೀಲ ತುಂಬಿಸಿಕೊಂಡೆವು. ಬಸ್ಸಿನಲ್ಲಿ ಅದು ಕರಗಿ ನನ್ನ ಮಡಿಲೆಲ್ಲ ತೊಯ್ದು, ಮೀನಿನ ವಾಸನೆಗೆ ಸುತ್ತಲಿನ ಸೀಟುಗಳೆಲ್ಲ ಖಾಲಿಯಾದವು.

"ಈ ನಾತದಲ್ಲಿ ಮಾಡಿದ್ದನ್ನ ಅವರು ಕುಡೀತಾರೇನೇ?"

"ಐಸು ಪಾತ್ರೆಯ ಹೊರಗಿರುತ್ತೆ ಅತ್ತೆ. ಒಳಗೆ ಹೋಗಲ್ಲ."

"ನನ್ನ ಬಟ್ಟೆಯೊಳಗೆ ಹೋಯ್ತಲ್ಲ!"

ಪ್ರಯೋಗಾಲಯದಲ್ಲಿ ಅವಳ ಕೋಣೆ ನಮ್ಮ ಸ್ನಾನದ ಮನೆಗಿಂತ ಸ್ವಲ್ಪ ದೊಡ್ಡದು. ಕಿಟಕಿಗೆ ಬೆನ್ನು ಹಾಕಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಮೇಲಿನಿಂದ ಇಳಿಬಿಟ್ಟ ಹೊಳೆಯುವ ಲೋಹದ ಸಲಾಕೆ. ಇಷ್ಟು ದಿನ ನನ್ನ ಪ್ರಾಣ ಹಿಂಡಿದ್ದು ಈ ಬೆರಳು ಗಾತ್ರದ ಸಲಾಕೆಯೇ ಎಂದು ನೋಡಿದೆ. ಅವಳು ಗಾಜಿನ ಪಾತ್ರೆಯನ್ನು ಐಸಿನ ನಡುವೆ ಕೂರಿಸಿದಳು. ಸಲಾಕೆಯ ತುದಿಯನ್ನು ಅದರಲ್ಲಿ ಮುಳುಗಿಸಿದಳು. ಗುಂಡಿ ಒತ್ತಲು ಹೋದ ಕೈ ಅಲ್ಲೇ ನಿಂತಿತು.

"ಏನಾಯ್ತೇ?"

"ಇವತ್ತು ಜೋರು, ಹೊತ್ತು, ಐಸು, ಮೂರೂ ಒಟ್ಟಿಗೆ ಬದಲಾಯಿಸ್ತಿದೀನಿ ಅತ್ತೆ." ಕದ್ದು ಸಿಕ್ಕಿಬಿದ್ದವರ ಮುಖ ಅವಳದು. "ನಾನು ಯಾವತ್ತೂ ಹೀಗೆ ಮಾಡಿಲ್ಲ. ಸರಿಹೋದ್ರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ."

ಕೋಪ ಬರಬೇಕಿತ್ತು. ಬರಲಿಲ್ಲ. ತನ್ನ ಮಾವನಿಗೋಸ್ಕರ ಈ ಹುಡುಗಿ ಏನನ್ನು ಬಿಟ್ಟುಕೊಡುತ್ತಿದ್ದಾಳೆಂಬುದು ಆಗ ನನಗೆ ಹೊಳೆಯಿತು.

"ಗೊತ್ತಾಗದಿದ್ರೆ ಹಾಳಾಗಲಿ. ಒತ್ತು," ಎಂದೆ.

ಕಿವಿಗೆ ಕೇಳಿಸದ ಶಬ್ದ ಎಂದಿದ್ದರಲ್ಲ, ಎಲ್ಲ ಸುಳ್ಳು. ಆ ಶಬ್ದ ಕೇಳಿಸದಿರಬಹುದು, ಅದರ ಜೊತೆಗೆ ಬರುವ ಕಿರುಚಾಟ ಹಲ್ಲಿನ ಬೇರಿಗೆ ತಾಗುತ್ತದೆ. ಕಿವಿಗೆ ಮುಚ್ಚಿಕೊಳ್ಳಲು ಅವಳು ಕೊಟ್ಟದ್ದನ್ನು ತಲೆಗೇರಿಸಿ, ನನ್ನ ಹಳೆಯ ಹೆಡ್‌ಫೋನಿನ ನೆನಪಾಗಿ, ಕರಗಿದ ಐಸಿನ ಜಾಗಕ್ಕೆ ಹೊಸ ಐಸು ಸುರಿಯುತ್ತ ನಿಂತೆ. ಯಂತ್ರ ಬಿಟ್ಟು ಬಿಟ್ಟು ಕಿರುಚಿತು. ಸಾಕು ಎಂದು ಅವಳು ನಿಲ್ಲಿಸಿದಾಗ ನನಗೇ ಆಶ್ಚರ್ಯವಾಯಿತು, ಇಷ್ಟು ಬೇಗವೇ ಎಂದು. ಆಮೇಲೆ ಸೋಸುವುದು, ಗಿರಗಿರ ತಿರುಗಿಸುವುದು ಎಲ್ಲ ಆಗಿ ಉಳಿದ ತಿಳಿಗೆ ಶುದ್ಧ ಆಲ್ಕೋಹಾಲು ಸುರಿದಳು. ಹಾಗೆ ಸುರಿದಾಗ ಲೋಳೆ ಬೇರೆಯಾಗಿ ಕಾಣಿಸಿಕೊಳ್ಳುತ್ತದೆ. ಇಷ್ಟು ದಿನ ಅದು ಹಿಟ್ಟಿನ ಹಾಗೆ ತಳಕ್ಕೆ ಕೂರುತ್ತಿತ್ತಂತೆ. ಈ ಸಲ ಬಿಳಿಯ ದಾರಗಳು ಎದ್ದವು. ಅವಳು ಗಾಜಿನ ಕಡ್ಡಿ ಇಳಿಸಿ ಮೆಲ್ಲಗೆ ತಿರುಗಿಸಿದಾಗ ಅವು ಕಡ್ಡಿಗೆ ಸುತ್ತಿಕೊಂಡು ಮೇಲೆ ಬಂದವು.

"ದಾರ ಅತ್ತೆ," ಎಂದಳು. ನಾನಂತೂ ಕಡ್ಡಿಯಿಂದ ಕಣ್ಣು ಕೀಳಲಿಲ್ಲ.

ಅದು ಒಣಗಿ, ಪುಡಿಯಾಗಿ, ತಿನ್ನಲು ಯೋಗ್ಯವೆಂಬ ಪರೀಕ್ಷೆಗಳನ್ನು ಮತ್ತೆ ದಾಟಿ ಬರುವಷ್ಟರಲ್ಲಿ ತಪಾಸಣೆಯ ದಿನ ಬಂದೇಬಿಟ್ಟಿತು. ಡಬ್ಬಿ ಅರ್ಧವೂ ತುಂಬಿರಲಿಲ್ಲ. ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಇವರನ್ನು ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರು. ಪಕ್ಕದ ಟ್ರೇಯಲ್ಲಿ ಕೊಳವೆ, ಅದರ ಪೊಟ್ಟಣ ಇನ್ನೂ ಒಡೆದಿರಲಿಲ್ಲ. ಇವರ ಕಣ್ಣು ಅದರ ಮೇಲೇ ಇತ್ತು. ಡಾಕ್ಟರು ಕೈಕಟ್ಟಿ ನಿಂತರು. ಥೆರಪಿಸ್ಟ್ ಪುಡಿ ಕಲಸಿ, ಸಿರಿಂಜಿಗೆ ತುಂಬಿ, ಬೆರಳು ತೆಗೆದಳು. ಒಂದು ಹನಿ ಇಳಿಯಿತು. ತಡೆದು ಇನ್ನೊಂದು. ಹೊತ್ತಾದ ಮೇಲೂ ಸಿರಿಂಜಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಂತಿತ್ತು. ಮತ್ತೆ ಕಲಸಿ ಮತ್ತೆ ನೋಡಿದಳು. ಅಷ್ಟೇ ನಿಂತಿತು.

"ಕೊಡಬಹುದು," ಎಂದಳು.

ಚಮಚ ತುಟಿಯ ಹತ್ತಿರ ಹೋಯಿತು. ಇವರು ಹಲ್ಲು ಕಚ್ಚಿದರು.

"ರೀ, ಬಾಯಿ ತೆಗೀರಿ," ಎಂದೆ. ದನಿ ನಡುಗಿದ್ದಕ್ಕೆ ನನ್ನ ಮೇಲೆ ನನಗೇ ರೇಗಿತು. "ನಿಮ್ಮ ಸೊಸೆ ತನ್ನ ನೇಮ ಎಲ್ಲಾ ಬಿಟ್ಟು ಮಾಡಿದಾಳೆ, ನಾನು ಮೀನಿನ ಐಸು ಹೊತ್ತಿದೀನಿ. ಒಂದೇ ಒಂದು ಚಮಚ. ಆಮೇಲೆ ಬೇಕಾದ್ರೆ ಉಗೀರಿ."

ಇವರು ಸೊಸೆಯ ಕಡೆ ನೋಡಿದರು. ಬಾಯಿ ತೆರೆದರು. ಚಮಚ ಒಳಗೆ ಹೋಯಿತು. ಗಂಟಲಿನ ಗಂಟು ಮೇಲೇರಿ ಕೆಳಗಿಳಿಯಿತು. ಕೆಮ್ಮು ಬರುತ್ತದೆಂದು ನಾವೆಲ್ಲ ಉಸಿರು ಹಿಡಿದು ಕಾದೆವು. ಬರಲಿಲ್ಲ. ಎರಡನೆಯ ಚಮಚಕ್ಕೆ ಇವರೇ ಬಾಯಿ ತೆರೆದರು. ಹಾಗೇ ಲೋಟ ಖಾಲಿಯಾಗುತ್ತ ಬಂತು. ಡಾಕ್ಟರು ಕಟ್ಟಿದ್ದ ಕೈ ಬಿಚ್ಚಿ, ಹೀಗೇ ದಿನವಿಡೀ ಕುಡಿಯುವುದಾದರೆ ಕೊಳವೆಯ ಮಾತು ಬೇಡ ಎಂದು ಹೇಳಿ ಟ್ರೇಯನ್ನು ಆಚೆಗೆ ಕಳಿಸಿದರು.

ಇವರು ಒಡೆದ ತುಟಿಯನ್ನು ನಾಲಿಗೆಯಿಂದ ಒಮ್ಮೆ ಸವರಿಕೊಂಡರು. ಆಮೇಲೆ ಸೊಸೆಯನ್ನು ನೋಡಿ, ಬೀದಿಬೀದಿಯಲ್ಲಿ ಬೇರೆಯವರ ಬಾಯಿಂದ ಕೇಳುತ್ತಿದ್ದ ಮಾತನ್ನು ತಾವೇ ಹೇಳಿದರು. ಅಕ್ಷರ ತೊದಲಿತು, ಆದರೂ ಕೋಣೆಯಲ್ಲಿದ್ದವರಿಗೆಲ್ಲ ತಿಳಿಯಿತು.

"ನೀರು... ಬಂತು."

ನಮ್ಮ 'ಒಂದೊಂದೇ' ಗೋಡೆಗೊರಗಿ ನಿಂತುಬಿಟ್ಟಳು. ಕೆನ್ನೆ ಒದ್ದೆ, ಬಾಯಲ್ಲಿ ನಗು. ನಾನು ಹತ್ತಿರ ಹೋದರೆ ನನ್ನ ಭುಜಕ್ಕೆ ತಲೆ ಒತ್ತಿ ಏನು ಹೇಳಿದಳು ಗೊತ್ತೇ?

"ಮೂರರಲ್ಲಿ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗ್ಲೇ ಇಲ್ಲವಲ್ಲ ಅತ್ತೆ."

"ಸುಮ್ನಿರೇ," ಎಂದು ಖಾಲಿ ಲೋಟವನ್ನು ಅವಳ ಕೈಗೆ ತುರುಕಿದೆ. "ನಿಮ್ಮ ಮಾವ ಇನ್ನೊಂದು ಲೋಟ ಕೇಳ್ತಿದಾರೆ."